ನನ್ನ ಸಂಶೋಧನೆ, ಚಿಗವ್ವನ ಕುಬಸ

ಜೀವಂತ ಇರುವ ಹೆಣ್ಣುಮಗಳೊಬ್ಬಳ ಫೋಟೋಕ್ಕೆ ಆರು ವರ್ಷ ಹಾರ ಹಾಕಿಸಿ, ಊದಿನಕಡ್ಡಿ ಬೆಳಗಿಸಿ, ಹೋಳಿಗೆ ಎಡೆ ಹಿಡಿಸಿದ ಕೀರ್ತಿ ಯಾರಿಗಾದರೂ ಸಲ್ಲಬೇಕಿದ್ದರೆ ಅದು ನನಗೆ. ಆಕೆಯೂ ಪ್ರತಿ ವರ್ಷ ಅಲ್ಲೇ ಪಂಕ್ತಿಯಲ್ಲಿ ಕೂತು ಅದೇ ಹೋಳಿಗೆ ಉಣ್ಣುತ್ತಿದ್ದಳು. (ತುಪ್ಪ ಕಡಿಮೆ ಆಯಿತು ಅಂತ ಎರಡನೇ ಸಲ ಹಾಕಿಸಿಕೊಂಡದ್ದೂ ಉಂಟು.)

ನಗಬೇಡಿ. ಇದರಲ್ಲಿ ನನ್ನ ಮಾನ ಹೋಗಿದೆ.

ಪೇಪರಿಗೆ ಬರೆಯುವುದಲ್ಲದೆ ನನಗೊಂದು ಚಟ. ಹಳೇ ಫೋಟೋ ಕೈಗೆ ಸಿಕ್ಕರೆ ಸಾಕು, ಬಟ್ಟೆ ನೋಡಿ ಇಸವಿ ಹೇಳುವುದು. ಅಂಗಿಯ ಕಾಲರ್ ಭುಜದವರೆಗೆ ಬಂದಿದ್ದರೆ ಎಪ್ಪತ್ತರ ದಶಕ. ಪ್ಯಾಂಟಿನ ಬುಡ ಓಣಿ ಗುಡಿಸುತ್ತಿದ್ದರೆ ಅದೇ ದಶಕದ ಕೊನೆ. ಸಫಾರಿ ಸೂಟ್ ಹಾಕಿದ್ದಾನಾ? ಆಸಾಮಿಗೆ ಆಗಷ್ಟೇ ಪ್ರಮೋಷನ್ ಆಗಿದೆ. ಟೆರಿಕಾಟ್ ಅಂಗಿಯ ಜೇಬಲ್ಲಿ ಎರಡು ಪೆನ್ನಿದ್ದರೆ ಸಾಲಿ ಮಾಸ್ತರ, ಒಂದಿದ್ದರೆ ಮಾಸ್ತರ ಆಗಲು ಓಡಾಡುತ್ತಿರುವವ.

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ಹಳೇ ಫೋಟೋ ಹಾಕಿ ‘ಇದು ಯಾವ ಇಸ್ವಿ ಇರಬಹುದ್ರಿ?’ ಅಂದರೆ ಸಾಕು. ನಾನು ಹತ್ತು ನಿಮಿಷ ಬಿಟ್ಟು ಉತ್ತರ ಕೊಡುತ್ತೇನೆ. (ತಕ್ಷಣ ಹೇಳಿದರೆ ಕಿಮ್ಮತ್ತು ಇರೋದಿಲ್ಲ.) ಕೆಳಗೆ ಸಾಲಾಗಿ ನಮಸ್ಕಾರದ ಎಮೋಜಿಗಳು ಬೀಳುತ್ತವೆ. ಮನುಷ್ಯ ಕೆಡುವುದೇ ಇಂಥದ್ದರಿಂದ.

ಆರು ವರ್ಷದ ಹಿಂದೆ ಹುನಗುಂದದಲ್ಲಿದ್ದ ನಮ್ಮ ಹಳೇ ಮನೆ ಕೆಡವಿದಾಗ ಟ್ರಂಕಿನ ತಳದಲ್ಲಿ ಒಂದು ಫೋಟೋ ಸಿಕ್ಕಿತು. ಸ್ಟುಡಿಯೋದಲ್ಲಿ ನಿಂತ ಗಂಡ ಹೆಂಡತಿ. ನೀರಿಳಿದು ಗಂಡಸಿಗೆ ಕುತ್ತಿಗೆಯಿಂದ ಮೇಲೆ ಏನೂ ಇಲ್ಲ, ಬರೀ ಕೋಟು, ಧೋತರ. ಹೆಂಗಸು ತಲೆ ತುಂಬ ಸೆರಗು ಹೊದ್ದಿದ್ದಾಳೆ, ಮುಖ ಮಸುಕು.

ಫೋಟೋ ನೋಡಿದ ಕೂಡಲೇ ನನಗೆ ನೆನಪಾದದ್ದು ಸಂಗಣ್ಣ. ನನ್ನ ದೊಡ್ಡಪ್ಪನ ಮಗ, ರಿಟೈರ್ಡ್ ಹೆಡ್‌ಮಾಸ್ತರ, ಬಾಗಲಕೋಟೆಯ ನವನಗರದಲ್ಲಿ ಮನೆ. ಅವನ ತಾಯಿ ಗಂಗವ್ವ ದೊಡ್ಡವ್ವ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಆಕೆಯದೊಂದು ಫೋಟೋ ಯಾರ ಮನೆಯಲ್ಲೂ ಇರಲಿಲ್ಲ. ಸಾಲಿಯಲ್ಲಿ ಬೆತ್ತ ಹಿಡಿದರೆ ಇಡೀ ಕಾಂಪೌಂಡ್ ಗಪ್‌ಚಿಪ್ ಆಗುತ್ತಿದ್ದ ಆ ಮನುಷ್ಯ ಒಮ್ಮೆ ನನ್ನ ಹತ್ತಿರ ‘ಅವ್ವನ ಮಾರಿ ಹ್ಯಾಂಗಿತ್ತಂತ ನೆಪ್ಪ ಆಗವಲ್ದೋ’ ಅಂತ ಅಂದದ್ದು ನನ್ನ ತಲೆಯಲ್ಲಿ ಉಳಿದಿತ್ತು.

ಶುರು ಆಯಿತು ಸಂಶೋಧನೆ. ಕೋಟು ನೋಡಿದೆ. ದಪ್ಪ ಗೆರೆ, ಎರಡನೇ ಗುಂಡಿ ಇಲ್ಲ. ದೊಡ್ಡಪ್ಪನ ಬೇರೊಂದು ಫೋಟೋದಲ್ಲಿ ಅದೇ ಕೋಟು, ಅದೇ ಗುಂಡಿ ಮಾಯ! ಇನ್ನು ಸೀರೆ. ದೊಡ್ಡವ್ವನ ಮದುವೆಯ ಇಳಕಲ್ ಸೀರೆ ಸಂಗಣ್ಣನ ಕಪಾಟಿನಲ್ಲಿ ಭದ್ರವಾಗಿತ್ತು. ತಂದು ಪಕ್ಕದಲ್ಲಿ ಹಾಸಿ ನೋಡಿದೆವು. ಅದೇ ಅಗಲ ದಡಿ, ಅದೇ ಸೆರಗು. ಕೋಟು ದೊಡ್ಡಪ್ಪನದು, ಸೀರೆ ದೊಡ್ಡವ್ವನದು. ಒಳಗಿರುವವರು ಬೇರೆ ಯಾರಾಗುತ್ತಾರೆ, ನೀವೇ ಹೇಳಿ?

‘ಮದುವಿ ಆದ ಮೊದಲನೇ ದೀಪಾವಳಿಯ ಫೋಟೋ ಇದು’ ಅಂತ ತೀರ್ಪು ಕೊಟ್ಟೆ. ತಲೆ ಇಲ್ಲದ ಗಂಡಸು ಯಾಕೆ ಅಂತ ಅವನನ್ನು ಕತ್ತರಿಸಿ, ಹೆಂಗಸಿನದಷ್ಟೇ ಎನ್‌ಲಾರ್ಜ್ ಮಾಡಿಸಿ, ಫ್ರೇಮ್ ಹಾಕಿಸಿ ಕೊಟ್ಟೆ. ಸಂಗಣ್ಣ ಅದನ್ನು ಎದೆಗವಚಿಕೊಂಡ. ಅಂದಿನಿಂದ ಮನೆಯಿಂದ ಹೊರಗೆ ಹೋಗುವಾಗ ಅದಕ್ಕೆ ಕೈ ಮುಗಿಯದೆ ಅವನು ಚಪ್ಪಲಿ ಮೆಟ್ಟಿದ್ದಿಲ್ಲ. ನಾನು ಆ ಮನೆಗೆ ಹೋದಾಗಲೆಲ್ಲ ನನಗೆ ಎರಡನೇ ಕಪ್ ಚಹಾ ಕೇಳದೆಯೇ ಬರತೊಡಗಿತು.

ಕಳೆದ ವಾರ ದೊಡ್ಡವ್ವನ ಪುಣ್ಯತಿಥಿ. ಎಲ್ಲರೂ ಸೇರಿದ್ದೆವು. ಸಂಗಣ್ಣನ ಹೆಂಡತಿ ಶಾರದಾ ವೈನಿ ನಸುಕಿನಿಂದ ಅಡಿಗೆ ಮನೆಯಲ್ಲಿ. ಹುನಗುಂದದಿಂದ ಶಾಂತವ್ವ ಚಿಗವ್ವ ಬಂದಿದ್ದಳು. ನಮ್ಮ ಕಾಕಾನ ಹೆಂಡತಿ, ಮನೆಯ ಕಿರೀ ಸೊಸೆ, ಈಗ ಎಂಬತ್ತು ದಾಟಿದೆ.

ಊಟಕ್ಕೆ ಕೂತಾಗ ಸಂಗಣ್ಣನ ಮೊಮ್ಮಗಳು ಪಲ್ಲವಿ ತನ್ನ ಪ್ರೀ-ವೆಡ್ಡಿಂಗ್ ಶೂಟ್ ತೋರಿಸಿದಳು. ಬಾದಾಮಿಯ ಹೊಂಡದ ದಂಡೆ. ಬಾಡಿಗೆಗೆ ತಂದ ಇಳಕಲ್ ಸೀರೆ, ಬಾಡಿಗೆಯ ನತ್ತು, ಹುಡುಗನಿಗೆ ಬಾಡಿಗೆಯ ರುಮಾಲು. ಮೇಲೆ ಹಳೇ ಕಾಲದ್ದು ಅನ್ನಿಸಲಿ ಅಂತ ಕಂದು ಬಣ್ಣದ ಫಿಲ್ಟರ್ ಬೇರೆ. (ಆ ಹುಡುಗ ಹುಟ್ಟಿದಂದಿನಿಂದ ಬರ್ಮುಡಾ ಬಿಟ್ಟರೆ ಬೇರೆ ಹಾಕಿದ್ದನ್ನು ನಾನು ನೋಡಿಲ್ಲ.)

ಸಿಕ್ಕಿತಲ್ಲ ವಿಷಯ! ಶುರು ಮಾಡಿದೆ ಭಾಷಣ.

‘ಏನಿದು ವೇಷ? ನಾಳೆ ನಿನ್ನ ಮೊಮ್ಮಕ್ಕಳು ಇದನ್ನ ನೋಡಿ ನಮ್ಮಜ್ಜಿ ನೂರು ವರ್ಷದ ಹಿಂದಿನಾಕಿ ಅಂತಾರ. ಹಿಂದಿನವರು ಹಿಂಗ ಸುಳ್ಳ ಬಟ್ಟಿ ಹಾಕ್ಕೊಂಡು ಫೋಟೋ ತಗಿಸಿದ್ದಿಲ್ಲವ್ವ. ಅಲ್ನೋಡು, ಗ್ವಾಡಿ ಮ್ಯಾಲ. ಮೈ ಮ್ಯಾಲಿನ ಸೀರಿ ಆಕೀದ, ಪಕ್ಕದಾಗಿದ್ದ ಕೋಟು ಆಕಿ ಗಂಡಂದ. ಅದಕ್ಕ ನಾ ಇಸ್ವಿ ಹಿಡದೆ.’

ಚಿಗವ್ವ ಹೋಳಿಗೆ ಮುರಿಯುತ್ತ ಕೇಳಿದಳು. ‘ಯಾವ ಇಸ್ವಿ ಹಿಡದಿ?’

‘ನಿನಗೇನ ಗೊತ್ತಾಗತೈತಿ ಬಿಡು ಚಿಗವ್ವ. ನೀ ಆಗ ಈ ಮನಿಗೇ ಬಂದಿದ್ದಿಲ್ಲ’ ಅಂದೆ.

ಬಾಯಿ ಸುಮ್ಮನಿರಬಾರದಾಗಿತ್ತೇ?

ಚಿಗವ್ವ ಹೋಳಿಗೆ ಕೆಳಗಿಟ್ಟಳು. ‘ಭಾಳ ಶಾಣ್ಯಾ ಅದಿ. ನಾ ಮನಿಗೆ ಬಂದಿದ್ದಿಲ್ಲಂದ್ರ ಆ ಫೋಟೋದಾಗ ಹ್ಯಾಂಗ ನಿಂತೇನಿ? ನಾನ ಅದು.’

ಪಂಕ್ತಿಯವರೆಲ್ಲ ಗೋಡೆಯ ಫೋಟೋದ ಕಡೆ ತಿರುಗಿದರು. ನಾನು ಸೋಲುವವನೇ? ‘ಕೋಟು ದೊಡ್ಡಪ್ಪಂದು!’ ಅಂದೆ.

‘ಅದು ಸ್ಟುಡಿಯೋದಾಂವಂದು. ಒಂದ ಕೋಟು ಇಟ್ಟಿದ್ದ. ಹುನಗುಂದ ತಾಲೂಕಿನ ಗಂಡಸರೆಲ್ಲ ಅದರಾಗ ಕೈ ತೂರಿಸಿ ಹೋಗ್ಯಾರ.’

‘ಮತ್ತ ಸೀರಿ?’

‘ಸೀರಿ ಗಂಗಕ್ಕಂದ, ಖರೆ. ಆದ್ರ ಹೊರಗ ಹೋಗೂ ಸೀರಿ ಅಂತ ಆ ಮನ್ಯಾಗ ಇದ್ದದ್ದು ಅದೊಂದ. ನಮ್ಮತ್ತಿ ಟ್ರಂಕಿಗೆ ಕೀಲಿ ಹಾಕಿ ಇಟ್ಟಿರಾಕಿ. ಹೊರಗ ಹೊಂಟಾಕಿಗೆ ತಗದು ಕೊಡಾಕಿ, ಬಂದ ಕೂಡ್ಲೆ ಇಸಗೊಳ್ಳಾಕಿ. ನಿಮ್ಮವ್ವನೂ ಅದನ್ನ ಉಟ್ಟು ಫೋಟೋ ತಗಿಸ್ಯಾಳ. ನಿಮ್ಮ ಮನ್ಯಾಗ ಐತಿ, ಹೋಗಿ ನೋಡು.’

ಇದೆ. ನಮ್ಮ ಹಾಲ್‌ನಲ್ಲೇ ಇದೆ. ಬಂದವರಿಗೆಲ್ಲ ‘ನಮ್ಮವ್ವನ ಮದುವಿ ಸೀರಿ ನೋಡ್ರಿ’ ಅಂತ ತೋರಿಸುತ್ತ ಬಂದಿದ್ದೇನೆ. ಜಗತ್ತಿನ ಫೋಟೋಗಳನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದವನು ಹೆತ್ತವ್ವನ ಫೋಟೋವನ್ನು ಒಮ್ಮೆಯೂ ಹಾಗೆ ನೋಡಿರಲಿಲ್ಲ.

ಆದರೂ ಜಗ್ಗಲಿಲ್ಲ ನಾನು. ವಕೀಲರ ಧಾಟಿಯಲ್ಲಿ ಕೇಳಿದೆ. ‘ಸೀರಿ ಎಲ್ಲಾರದೂ ಅಂದ್ರ, ಅದು ನೀನ ಅನ್ನೂದಕ್ಕ ಪುರಾವೆ ಏನು?’

‘ಸೀರಿ ಯಾರರ ಉಡಬಹುದೋ. ಕುಬಸ ಮೈ ಅಳತಿಗೆ ಹೊಲಿಸಿದ್ದು, ಒಬ್ಬಾಕಿದು ಇನ್ನೊಬ್ಬಾಕಿಗೆ ಆಗಂಗಿಲ್ಲ. ಗುಳೇದಗುಡ್ಡದ ಖಣ ಅದು. ಆಗ ನಾ ದಪ್ಪ ಇದ್ನಿ, ಖಣ ಸಾಲಲಿಲ್ಲ. ಎಡಗಡೆ ತೋಳಿಗೆ ನಮ್ಮವ್ವ ಬ್ಯಾರೆ ಖಣದ ತುಂಡು ಹಚ್ಚಿ ಹೊಲದಿದ್ಳು. ಕಣ್ಣಿದ್ರ ನೋಡ್ರಿ.’

ಪಲ್ಲವಿ ಎದ್ದು ಹೋಗಿ ಮೊಬೈಲಿನಲ್ಲಿ ಫೋಟೋ ಹೊಡೆದು ಜೂಮ್ ಮಾಡಿದಳು. ಬಲಗಡೆ ತೋಳಿನ ತುಂಬ ಚಿಕ್ಕಿ ಚಿಕ್ಕಿ. ಎಡಗಡೆ ಅರ್ಧ ಚಿಕ್ಕಿ, ಅರ್ಧ ಗೆರೆ. ನಡುವೆ ಹೊಲಿಗೆ ಎದ್ದು ಕಾಣುತ್ತಿತ್ತು.

‘ಆಯಿ, ಖರೇನ ಐತಿ!’ ಅಂತ ಚಿಗವ್ವನತ್ತ ತಿರುಗಿ ಕೂಗಿದಳು.

‘ಐತಲ್ಲ? ಮತ್ತ ನೀ ಕತ್ರಿಸಿ ಒಗದೆಲ್ಲ, ಅಂವ ನಿಮ್ಮ ಕಾಕಾ’ ಅಂದಳು ಚಿಗವ್ವ ನನ್ನ ಕಡೆ ತಿರುಗಿ. ‘ಜೀವಂತ ಇದ್ದಾಕಿಗೆ ಮಾಲಿ ಹಾಕಿದಿ, ಗಂಡನ್ನ ಕತ್ತರಿಗೆ ಕೊಟ್ಟಿ. ಪೇಪರ್‌ನ್ಯಾಗ ಬರಿಯಾವರೆಲ್ಲ ಹಿಂಗ ಏನು?’

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ನಗದವನು ಒಬ್ಬನೇ. ಸಂಗಣ್ಣ.

‘ಆರು ವರ್ಷ ಯಾಕ ಹೇಳಲಿಲ್ಲ ಚಿಗವ್ವಾ?’

‘ಮೊದಲನೇ ದಿನ ಹೇಳಬೇಕಂತ ಬಾಯಿ ತಗದಿದ್ನೆಪ್ಪಾ. ನೀ ಫೋಟೋದ ಮುಂದ ನಿಂತು ಸಣ್ಣ ಹುಡುಗನಂಗ ಅಳಾಕತ್ತಿದ್ದಿ. ಹ್ಯಾಂಗ ಹೇಳ್ಲಿ? ಇವತ್ತ ಇಂವ ಕೆಣಕಿದ, ಬಾಯಿ ತಡೀಲಿಲ್ಲ. ನನ್ನ ತಪ್ಪು ಹೊಟ್ಯಾಗ ಹಾಕ್ಕೋ.’

‘ನಮ್ಮವ್ವಂದು ಒಂದೂ ಇಲ್ಲೇನು ಹಂಗಾರ?’

‘ಇಲ್ಲೋ ತಮ್ಮಾ. ಆಕಿ ಮದುವಿ ಸೀರಿ ಹುನಗುಂದ ಪ್ಯಾಟಿ ನೋಡೇತಿ, ಇಳಕಲ್ ನೋಡೇತಿ, ಕೂಡಲಸಂಗಮ ನೋಡೇತಿ. ಉಟಗೊಂಡು ತಿರಗಿದವರು ನಾವು. ಆಕಿ ಹಿರೇ ಸೊಸಿ. ಎಲ್ಲಾರೂ ಫೋಟೋಕ್ಕ ಹೋದ್ರ ಮನ್ಯಾಗ ರೊಟ್ಟಿ ಬಡಿಯಾಕ ಯಾರರ ಬೇಕಲ್ಲ?’

ಆ ಮನೆಯ ಗಂಡಸರ ಒಂದೊಂದು ವರ್ಷವನ್ನೂ ಕಾಲರಿನ ಅಳತೆ ಹಿಡಿದು ಹೇಳಬಲ್ಲೆ ನಾನು. ಸೀರೆಯ ಒಡತಿಯದು ಒಂದೂ ಇಲ್ಲ. ಆಕೆಯ ಹೆಸರಲ್ಲಿ ಇರುವುದು ನನ್ನ ಜಾಣತನದ ಸುಳ್ಳು ಫ್ರೇಮ್ ಒಂದೇ, ಅದನ್ನೂ ಈಗ ಕಸಿದುಕೊಂಡ ಹಾಗಾಯಿತು. ಸಂಗಣ್ಣನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಅವನು ಎಂಜಲು ಕೈಯಲ್ಲೇ ಸರಿದು ಚಿಗವ್ವನ ಮುಂದೆ ಕೂತ. ‘ಹ್ಯಾಂಗಿದ್ದಳು?’

‘ನಿನ್ನಂಗ. ಅದ ಮೂಗು, ಅದ ಸಿಟ್ಟು. ಎಡಗೈಲೆ ರೊಟ್ಟಿ ಬಡೀತಿದ್ಳು, ಅದಕ್ಕ ಅತ್ತಿ ಕಡಿಂದ ಬೈಸಿಕೊಳ್ಳಾಕಿ. ನಿನ್ನ ಬಗಲಾಗ ಎತಗೊಂಡ ನೀರು ಸೇದಾಕಿ. ನಕ್ಕರ ಬಾಯಿಗೆ ಸೆರಗ ಅಡ್ಡ ಹಿಡಿಯಾಕಿ, ಮುಂದಿನ ಹಲ್ಲು ಒಂದರ ಮ್ಯಾಲೊಂದು ಬಂದಿತ್ತು.’

ಸಂಗಣ್ಣ ಅರಿಯದೆ ತನ್ನ ಹಲ್ಲಿನ ಮೇಲೆ ನಾಲಿಗೆ ಆಡಿಸಿದ್ದನ್ನು ನೋಡಿದೆ. ಅವನ ಕೈ ಒಣಗಿತು, ಅನ್ನ ಆರಿತು, ಅವನು ಕೇಳುತ್ತಲೇ ಇದ್ದ. ಚಿಗವ್ವ ಹೇಳುತ್ತಲೇ ಇದ್ದಳು.

ಈಗ ಹೇಳಿ, ಈ ಚಿಗವ್ವ ಏನು ಚಂದ್ರಲೋಕದಲ್ಲಿದ್ದಳಾ? ಹುನಗುಂದದಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ಬರುವ ದಾರಿ. ಹಬ್ಬಕ್ಕೆ ಬರುತ್ತಾಳೆ, ಮದುವೆಗೆ ಬರುತ್ತಾಳೆ, ಬರುವಾಗ ಅಮೀನಗಡದಲ್ಲಿ ಇಳಿದು ಎಲ್ಲರಿಗೂ ಕರದಂಟು ತರುತ್ತಾಳೆ. ಕರದಂಟು ಇಸಕೊಂಡು ತಿಂದೆವೇ ಹೊರತು ‘ಗಂಗವ್ವ ಹ್ಯಾಂಗಿದ್ದಳು?’ ಅಂತ ಒಬ್ಬರೂ ಕೇಳಲಿಲ್ಲ. ಗುಂಡಿ ಇಲ್ಲದ ಕೋಟನ್ನು ಕೇಳಿದೆವು. ಕಪಾಟಿನ ಸೀರೆಯನ್ನು ಕೇಳಿದೆವು. ಬಾಯಿ ಇದ್ದವಳನ್ನು ಬಿಟ್ಟೆವು. ಇದಕ್ಕೆ ಸಂಶೋಧನೆ ಅಂತ ಹೆಸರು. ಥೂ!

ಹಾರ ತೆಗೆದೆವು. ಸಂಗಣ್ಣ ಫೋಟೋ ಇಳಿಸಿ, ಒರೆಸಿ, ಚಿಗವ್ವನ ಕೈಗೆ ಕೊಟ್ಟ. ‘ನಿನ್ನ ಮನ್ಯಾಗ ಇಟಗೋ’ ಅಂದ. ಆಕೆ ‘ಆಗ ಎಷ್ಟ ಚೆಂದ ಇದ್ನಿ ನೋಡ್ರಿ’ ಅಂತ ಎಲ್ಲರಿಗೂ ತೋರಿಸಿದಳು. ಅಂತೂ ಮನೆಗೆ ಮತ್ತೆ ನಗು ಬಂತು.

ಆಗ ಪಲ್ಲವಿ ಮೊಬೈಲ್ ಎತ್ತಿ ಹಿಡಿದು ಕರೆದಳು. ‘ಆಯಿ ಜೋಡಿ ಒಂದು ಗ್ರೂಪ್ ಫೋಟೋ. ಎಲ್ಲಾರೂ ಬರ್ರಿ!’

ಬಂದೆವು. ಚಿಗವ್ವನನ್ನು ನಡುವೆ ಕೂರಿಸಿದೆವು. ಸಂಗಣ್ಣ ಆಕೆಯ ಭುಜದ ಮೇಲೆ ಕೈ ಇಟ್ಟ. ನಾನು ಅಂಗಿಯ ಸುಕ್ಕು ಎಳೆದುಕೊಂಡು ಮುಂದಿನ ಸಾಲಿನಲ್ಲೇ ನಿಂತೆ. ಚಿಗವ್ವ ಮಾತ್ರ ಕತ್ತು ಹೊರಳಿಸಿ ಆ ಕಡೆ ಈ ಕಡೆ ನೋಡಿದಳು. ‘ನಿಂದರ್ರಿ. ಶಾರದಾ ಎಲ್ಲಿ?’

‘ವೈನಿ ಎರಡನೇ ಪಂಕ್ತಿಗೆ ಭಜಿ ಕರಿಯಾಕತ್ತಾರ, ನೀ ಹೊಡಿ ಫೋಟೋ’ ಅಂತ ಕೂಗಿದವರು ಯಾರು ಅಂತೀರಿ? ನಾನೇ.