ಕೆಂಪು ಗೆರೆ, ಒಂದು ನುಕ್ತಾ

ಬಾಡಿಗೆ ಖೋಲಿ ಕೇಳಲು ಬಂದ ದಿನ ಮಹೆವಿಶ ಹೊಸ್ತಿಲನ್ನು ಕಾಲಿನಿಂದ ತಡವಿ ಒಳಗೆ ಬಂದಳು. ಮನೆಯೊಡತಿ ಲತೀಫಾಬಿ ಅದನ್ನು ಗಮನಿಸಿದಳು. ಶಹಾಬಾದಿನಲ್ಲಿ ಮೂವತ್ತು ವರ್ಷ ನೆಲಕ್ಕೆ ಹಾಸುವ ಫರ್ಸಿಕಲ್ಲು ವಿಂಗಡಿಸಿದ ಕಣ್ಣು ಆಕೆಯದು. ಕೂದಲೆಳೆಯಷ್ಟು ಬಿರುಕೂ ತಪ್ಪುತ್ತಿರಲಿಲ್ಲ.

ಹುಡುಗಿಯೇ ಬಾಯಿ ಬಿಟ್ಟಳು. "ಖಾಲಾ, ನನ್ನ ಕಣ್ಣು ಹೋಗಲಿಕತ್ತಾವ. ಡಾಕ್ಟರ್ ಒಂದ್ ವರ್ಷ ಅಂದಾರ. ಅಷ್ಟರಾಗ ಒಂದ್ ಕೆಲಸ ಮುಗಸಬೇಕು."

ಫೋಟೊ ನೋಡಿ ಫರ್ಸಿಯ ಬಿರುಕು ಹುಡುಕುವ ಪ್ರೋಗ್ರಾಮು ಅದು. ಸಾವಿರ ಫೋಟೊ ಒಮ್ಮೆಗೇ ನೋಡಲೆಂದು ಕಂಪ್ಯೂಟರಿನ ಜಿಪಿಯು ಎಂಬ ಚಿಪ್‌ಗೆ ಬರೆಯುತ್ತಿದ್ದಳು.

"ಹಂಗಾದ್ರ ನನ್ನ ನೌಕರಿ ಹೋತು ಅನ್ನು," ಲತೀಫಾಬಿ ನಕ್ಕಳು.

"ನಿಮ್ಮ ಕಣ್ಣೇ ಅದಕ್ಕ ಹಚ್ಚಲಿಕತ್ತೀನ್ರಿ."

ಅಕ್ಷರ ಮಹೆವಿಶಳಿಗೆ ಮಸುಕು. ಪ್ರೋಗ್ರಾಮು ಬರೆಯುವ ಎಡಿಟರಿನಲ್ಲಿ ತಪ್ಪಿನ ಕೆಳಗೆ ಮೂಡುವ ಕೆಂಪು ಗೆರೆಯೇ ಅವಳ ಊರುಗೋಲು. ಬರೆದದ್ದನ್ನು ಓದಿ ಆ ಗೆರೆ ಎಳೆಯುವ, ಲ್ಯಾಂಗ್ವೇಜ್ ಸರ್ವರ್ ಎಂಬ ಸಹಾಯಕ ಪ್ರೋಗ್ರಾಮಿಗೆ ಜಿಪಿಯುವಿನ ಮಾತು ಬಾರದು. ಸರಿಯಿದ್ದ ಸಾಲಿಗೂ ಕೆಂಪು. "ಎಲ್ಲಾ ಕೆಂಪಾದ್ರ ಖರೇ ತಪ್ಪು ಹೆಂಗ ಹುಡುಕ್ಲಿ?" ಆ ಮಾತು ಅದಕ್ಕೆ ಕಲಿಸುವ ನಾಲ್ಕು ಸಾಲಿನ ಫೈಲು ಬರೆದಿಟ್ಟಳು. ಕೆಂಪು ಹೋಗಲಿಲ್ಲ. ನಾಲ್ಕು ದಿನ ತಿದ್ದಿದಳು. ಐದನೆಯ ದಿನ ರೊಟ್ಟಿ ಮುಟ್ಟದೆ ಗೋಡೆಗೊರಗಿ ಕೂತಳು.

ಲತೀಫಾಬಿ ಬಲ್ಲದ್ದು ಉರ್ದುವಿನ ಅಲಿಫ್-ಬೇ, ಚೂರು ಕನ್ನಡ; ಇಂಗ್ಲಿಷ್ ಬಾರದು. ಆದರೂ ಮಹೆವಿಶಳ ಗೆಳತಿ ಕಳಿಸಿದ್ದ, ಆ ಫೈಲಿನ ಮಾದರಿ ಕಾಗದವನ್ನು ಪರದೆಯ ಪಕ್ಕ ಹಿಡಿದು, ಬೆರಳಿಟ್ಟು ಒಂದೊಂದೇ ಆಕಾರ ತಾಳೆ ಹಾಕಿದಳು. ಕೊಕ್ಕೆಗೆ ಕೊಕ್ಕೆ, ಕಡ್ಡಿಗೆ ಕಡ್ಡಿ. ಸಾಲೆಲ್ಲ ಒಂದೇ ಇದ್ದವು. ಕೊನೆಗೆ ಫೈಲಿನ ಹೆಸರಿಗೆ ಬಂದಳು.

"ಬೇಟಿ, ಕಾಗದದಾಗ ಹೆಸರಿನ ಶುರುವಿಗೇ ಒಂದ್ ನುಕ್ತಾ ಅದ. ನಿನ್ನದರಾಗ ಇಲ್ಲ."

"ಚುಕ್ಕಿ ಒತ್ತೀನಲ್ರಿ!"

"ನೀ ಒತ್ತಿರಬೇಕು. ಅದು ಬಂದಿಲ್ಲ. ಉರ್ದುದಾಗ ಒಂದ್ ನುಕ್ತಾ ಮ್ಯಾಲಿಂದ ಕೆಳಗ ಇಳದ್ರ ಖುದಾ ಹೋಗಿ ಜುದಾ ಆಗ್ತದ, ದೇವರೇ ಅಗಲಿಕೆ ಆಗ್ತಾನ. ನಿಂದು ಪೂರಾನೇ ಬಿದ್ದದ."

ಚುಕ್ಕಿ ಇಟ್ಟು ಎಡಿಟರ್ ಮುಚ್ಚಿ ತೆರೆದಾಗ ಕೆಂಪೆಲ್ಲ ಇಳಿಯಿತು. ಒಂದೇ ಗೆರೆ ಉಳಿಯಿತು, ಖರೇ ತಪ್ಪಿನದು. ಮಹೆವಿಶ ಆ ಗೆರೆಯನ್ನು ಬೆರಳಿಂದ ಸವರಿ ಅತ್ತಳು.

ಏಳು ತಿಂಗಳಿಗೆ ಕೆಲಸ ಮುಗಿಯಿತು. ಅಣ್ಣ ಖಾಜಾ ಅವಳನ್ನು ವಾಡಿಯ ಮನೆಗೆ ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ. ಅವಳು ಲ್ಯಾಪ್‌ಟಾಪ್ ತೆರೆದು, ಲತೀಫಾಬಿಯ ಬೆರಳು ಹಿಡಿದು ಪರದೆಯ ಮೇಲಿಂದ ಕೆಳಗಿನವರೆಗೆ ಇಳಿಸಿದಳು. ಎಲ್ಲೂ ಕೆಂಪಿರಲಿಲ್ಲ. ಲತೀಫಾಬಿ ಹಾಗೆಂದು ಹೇಳುವ ಮೊದಲೇ ಮಹೆವಿಶ ಕೇಳಿದಳು:

"ಖಾಲಾ, ಎಲ್ಲಾ ಸರಿ ಆಗಿ ಕೆಂಪಿಲ್ಲೋ, ನನಗ ಕಾಣಲಿಕತ್ತಿಲ್ಲೋ?"