ಶಿವಗಂಗವ್ವನ ಕಿಟಕಿಯ ಮೇಲಿನ ತೂತುಗಳು

ಐನಾಪುರದ ಶೇವಂತಾಳಿಗೆ ಹೊಲಿಗೆಯನ್ನು ಯಾರೂ ಕಲಿಸಿದ್ದಲ್ಲ. ಹಳೆಯ ಪರದೆಗಳನ್ನು ಬಿಚ್ಚಿ, ಮತ್ತೆ ಹೊಲಿದು ಕಲಿತವಳು. ಗಂಡ ತೀರಿದ ಮೇಲೆ ಹದಿನಾರು ವರ್ಷ ಸುತ್ತಲಿನ ಊರುಗಳಿಗೆಲ್ಲ ಪರದೆ ಹೊಲಿದಳು. ಆಮೇಲೆ ಡ್ರಿಲ್ ಮಷಿನ್ ಕೊಂಡು ರಾಡನ್ನೂ ತಾನೇ ಕೂರಿಸತೊಡಗಿದಳು. ಅವಳ ಒಂದು ಪರದೆಯೂ ವಾಪಸು ಬಂದಿರಲಿಲ್ಲ.

ಮೊದಲ ಸಲ ಬಂದದ್ದು ಶಿವಗಂಗವ್ವನ ಮನೆಯಿಂದ. ದ್ರಾಕ್ಷಿ ತೋಟದಲ್ಲಿ ಕಟ್ಟಿಸಿದ ಹೊಸ ಮನೆ. ಪರದೆ ಶೇವಂತಾಳದು; ರಾಡು ಮಾತ್ರ ಮನೆಯ ಉಳಿದ ಕೆಲಸ ಹಿಡಿದಿದ್ದ ಫಿಟ್ಟರ್ ಸಂಜಯನೇ ಕೂರಿಸಿದ್ದ. ಎಂಟೇ ದಿನದಲ್ಲಿ ಪಡಸಾಲೆಯ ರಾಡು ಗಿಲಾವಿನ ಸಮೇತ ಕಿತ್ತು ಬಿತ್ತು.

"ಗೋಣಿಚೀಲದಂಥಾ ಪಡದಿ ಹೊಲದಾಳ್ರಿ ಆಕಿ. ಗ್ವಾಡಿ ಪಾಪ ಎಷ್ಟಂತ ಹೊರತೈತಿ?" ಎಂದು ಸಂಜಯ ಹತ್ತು ಮಂದಿಯ ಮುಂದೆ ನಕ್ಕ. ಮಂದಿಯೂ ನಕ್ಕರು. ಪರದೆಗಳು ಚೀಲದಲ್ಲಿ ವಾಪಸು ಬಂದವು. ಅದನ್ನು ಕೇಳಿ ಊರಿನ ಪದ್ಮವ್ವ ತನ್ನ ಮನೆಯ ಕೆಲಸವನ್ನೂ ಬೇರೆಯವರಿಗೆ ಕೊಟ್ಟಳು, ಹೋದಲ್ಲೆಲ್ಲ ಆ ಮಾತನ್ನು ಹೇಳಿಯೂ ಬಂದಳು.

ಶೇವಂತಾ ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋದಳು. ಮನಸ್ಸಿನ ಕಿಚ್ಚು ಆರಿಸು ಎಂದು ಬೇಡಿಕೊಳ್ಳಲು ಹೋದವಳು, ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡು ಕೈ ಮುಗಿದಾಗ ಬೇರೆಯದನ್ನೇ ಬೇಡಿದಳು: "ಮಲ್ಲಯ್ಯ, ಆ ಸಂಜ್ಯಾನ್ನೂ ಒಂದಿನಾ ಹಂಗ ಮಂದಿ ಮುಂದ ನಿಂದ್ರಸು."

ತಿಂಗಳ ಮೇಲೆ ಶಿವಗಂಗವ್ವನ ಫೋನು ಬಂತು. ಅಂಗಡಿಯಿಂದ ತಂದ ತೆಳ್ಳನೆಯ ಪರದೆಯೂ ಬಿದ್ದಿತ್ತು. ಸಂಜಯ ಪಕ್ಕದಲ್ಲೇ ಮತ್ತೆ ತೂತು ಕೊರೆದು ಹೋಗಿದ್ದ. ಪಡಸಾಲೆಯ ಎರಡೂ ಕಿಟಕಿಗಳ ಮೇಲೆ ಈಗ ತೂತು, ಸಿಮೆಂಟಿನ ತೇಪೆ. ರವಿವಾರ ವಾಸ್ತುಶಾಂತಿ.

ಶೇವಂತಾ ಹೋಗಿ ನೋಡಿದಳು. "ಸಾಗವಾನಿ ಪಟ್ಟಿಗೆ ಗ್ವಾಡಿ ಬಣ್ಣಾನ ಹಚ್ಚಿ, ಇಟ್ಟಂಗಿ ತನಕಾ ತಿರುಪು ಇಳಿಸಿ ಕೂಡಸ್ತೀನ್ರಿ. ಅದರ ಮ್ಯಾಲ ರಾಡು. ತೂತೆಲ್ಲಾ ಪಟ್ಟಿ ಹಿಂದ ಹೋಗ್ತಾವು."

"ಅಷ್ಟ ಮಾಡವಾ, ಪುಣ್ಯಾ ಬರತೈತಿ."

"ಒಂದ ಕಿಟಕಿ ಇವತ್ತ ಮಾಡ್ತೀನಿ. ಇನ್ನೊಂದು ರವಿವಾರ, ಊಟಕ್ಕ ಮಂದಿ ಬಂದಾಗ. ನಿಚ್ಚಣಿಕಿ ಸಂಜ್ಯಾ ಹಿಡೀಬೇಕು."

"ಅಯ್ಯ! ಮಂದಿ ನೋಡ್ತಾರಲ್ಲ ಬೇ?"

"ನೋಡ್ಲಿ ಅಂತನ ಹೇಳಾಕತ್ತೀನ್ರಿ ಅಕ್ಕಾರ."

ಶಿವಗಂಗವ್ವನಿಗೂ ಸಂಜಯನ ಮೇಲೆ ಸಿಟ್ಟಿತ್ತು. ಒಪ್ಪಿದಳು.

ರವಿವಾರ ಬಂದವರೆಲ್ಲ ಎರಡು ಕಿಟಕಿಗಳನ್ನೂ ನೋಡಿದರು. ಒಂದರ ಮೇಲೆ ಪಟ್ಟಿ ಗೋಡೆಯಲ್ಲೇ ಹುಟ್ಟಿದ ಹಾಗೆ ಕೂತಿತ್ತು. ಇನ್ನೊಂದರ ಮೇಲೆ ಕೋಳಿ ಕೆದರಿದ ಹಾಗೆ ಗಿಲಾವು. ಸಂಜಯ ಇಸ್ತ್ರಿ ಅಂಗಿ ಹಾಕಿಕೊಂಡು ಊಟಕ್ಕೆ ಬಂದಿದ್ದ. ಶಿವಗಂಗವ್ವ ನಿಚ್ಚಣಿಕೆ ತೋರಿಸಿದಳು: "ಮ್ಯಾಲಿನ ಮಜಲೀದು ಕೆಲಸ ಬೇಕೋ ಬ್ಯಾಡೋ? ಬೇಕಂದ್ರ ಹಿಡಿ."

ಹಿಡಿದ.

ಶೇವಂತಾ ಅವಸರ ಮಾಡಲಿಲ್ಲ. ಸಂಜಯ ಕೂರಿಸಿದ್ದ ರಾಡಿನ ಮೊದಲ ತಿರುಪು ಬೆರಳಿಗೇ ಬಂತು. ಅದರ ಹಿಂದೆ ಗೋಡೆಯಲ್ಲಿ ತಿರುಪು ಕಚ್ಚುವ ಪ್ಲಾಸ್ಟಿಕ್ ಗಿಟ್ಟಿಯೇ ಇರಲಿಲ್ಲ; ಮಡಚಿ ತುರುಕಿದ ಪೇಪರ್ ಇತ್ತು. ಎಳೆದು ಸಂಜಯನ ಕೈಗೆ ಕೊಟ್ಟಳು. ಎರಡನೆಯದರಲ್ಲೂ ಪೇಪರ್. ಎಲ್ಲರಿಗೂ ಕಾಣುವಂತೆ ಬಿಡಿಸಿ ಕೊಟ್ಟಳು.

"ಏನೋ ಸಂಜ್ಯಾ, ಗ್ವಾಡಿಗೆ ಪೇಪರ್ ಓದಾಕ ಕೊಟ್ಟಿಯೇನು?" ಎಂದ ಕಾಕಾಸಾಹೇಬ, ಶಿವಗಂಗವ್ವನ ಮೈದುನ. ಪಡಸಾಲೆ ಗೊಳ್ಳೆಂದಿತು.

ಸಂಜಯನ ಕಿವಿ ಕೆಂಪಾದವು. "ನಂದ ತಪ್ಪಾತು ಮಾವಶಿ. ಪಟ್ಟಿ ಬಡದ ಮುಚ್ಚಿಬಿಡ್ರಿ," ಎಂದ ಮೆಲ್ಲಗೆ.

"ಕೇಳಸಲಿಲ್ಲಪಾ. ನಾ ಮ್ಯಾಲದೀನಿ."

ಅವನು ಗಟ್ಟಿಯಾಗಿ ಹೇಳಬೇಕಾಯಿತು: "ಪಡದೀದೇನೂ ತಪ್ಪಿಲ್ರಿ. ನಂದ ತಪ್ಪು."

ಶೇವಂತಾ ಆಗ ಡ್ರಿಲ್ ಎತ್ತಿಕೊಂಡಳು. ಪಟ್ಟಿ ಕೂರಿಸಿ, ರಾಡು ಏರಿಸಿ ಕೆಳಗಿಳಿದಾಗ ಪದ್ಮವ್ವ ಹತ್ತಿರ ಬಂದು ಹಲ್ಲು ಬಿಟ್ಟಳು. "ಎಷ್ಟ ಚಂದ ಕಾಣತೈತಿ ಬೇ! ನಮ್ಮನಿಗೆ ಯಾವಾಗ ಬರ್ತಿ?"

"ಅವನ ಗೋಣಿಚೀಲದ ಮಾತು ಎಷ್ಟ ಮನಿಗೆ ಹೇಳಿದ್ದಿ?"

ಪದ್ಮವ್ವ ಬೆರಳು ಮಡಚಿ ಎಣಿಸತೊಡಗಿದಳು.

"ಅಷ್ಟೂ ಮನಿಗೆ ಹೋಗಿ ಇವತ್ತಿಂದು ಹೇಳಿ ಬಾ. ಆಮ್ಯಾಲ ಬರ್ತೀನಿ," ಎಂದು ಶೇವಂತಾ ಕೈ ತೊಳೆದು ಊಟಕ್ಕೆ ಕೂತಳು.