ಎಡೆಗೆ ಬ್ಯಾಂಕಾಕಿನ ಕೋಳಿ ಸಾರು

ಜಯನಗರದ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಬುಟ್ಟಿ ಹಿಡಿದು ಹಿತ್ತಿಲ ಬಾಗಿಲು ತೆಗೆದೆ. ತರಕಾರಿ ದೋಣಿ ಇರಲಿಲ್ಲ. ನೀರೇ ಇರಲಿಲ್ಲ. ಕತ್ತಾಳೆ ಬೇಲಿಯ ಪಕ್ಕ ಮಲಗಿದ್ದ ಎಮ್ಮೆಯೊಂದು ಮೆಲುಕು ಹಾಕುತ್ತಾ ನನ್ನನ್ನೇ ನೋಡುತ್ತಿತ್ತು. ನಾನೂ ಅದನ್ನು ನೋಡುತ್ತಾ ನಿಂತೆ.

ಬ್ಯಾಂಕಾಕಿನಲ್ಲಿ ನಮ್ಮ ಹಿಂಬಾಗಿಲ ಮೆಟ್ಟಿಲು ಕಾಲುವೆಗೆ ಇಳಿಯುತ್ತಿತ್ತು. ಸೊಪ್ಪು, ಮೀನು, ಎಳನೀರು ಎಲ್ಲವೂ ದೋಣಿಯಲ್ಲೇ ಬರುತ್ತಿದ್ದವು. ಮದುವೆಯಾದ ವರ್ಷವೇ ಯಜಮಾನರ ಜೊತೆ ಹೋದವಳು ನಾನು. ಅವರು ಅಲ್ಲಿನ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ಕಳೆದ ಬೇಸಿಗೆಯಲ್ಲಿ ಜ್ವರ ಬಂದು ಅಲ್ಲೇ ತೀರಿಕೊಂಡರು. ನಮಗೆ ಮಕ್ಕಳಿಲ್ಲ. ಬರುವಾಗ ಅವರ ಅಸ್ಥಿಯ ಮಡಕೆ, ಒಂದು ಟ್ರಂಕು, ನನ್ನ ಹೊಲಿಗೆ ಯಂತ್ರ ಮಾತ್ರ ತಂದೆ.

ಊರಿಗೇ ಬರದೆ ಬೆಂಗಳೂರಿನಲ್ಲೇಕೆ ನಿಂತಳು ಎಂದು ಕನಕಪುರದ ಕಡೆಯ ನಮ್ಮವರು ಕೇಳುತ್ತಾರೆ. ಹೊಸ ಬಡಾವಣೆಯಲ್ಲಿ ರವಿಕೆ ಹೊಲಿಸುವವರು ಬೇಕಾದಷ್ಟು ಜನ ಇದ್ದಾರೆ. ಮನೆ ಕೊಟ್ಟವರು, ಇದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದ ಗೌಡರು. ಬೇರೆ ಕಡೆ ಬಾಡಿಗೆ ಕೇಳಿದರೆ ಮೊದಲ ಪ್ರಶ್ನೆಯೇ ಅಡುಗೆಯದು. ಇವರು ಮಾತ್ರ "ಕೋಳಿ ಮಾಡಿದ್ ದಿನ ಒಂದ್ ಬಟ್ಟಲು ಈ ಕಡೆ ಕಳ್ಸಮ್ಮ" ಎಂದು ನಕ್ಕು ಬೀಗದ ಕೈ ಕೊಟ್ಟರು.

ಇಲ್ಲಿನ ಬೀದಿಗಳು ಗೆರೆ ಎಳೆದಂತೆ ನೇರ. ಅವುಗಳಿಗೆ ಹೆಸರಿಲ್ಲ, ಮೇನು ಮತ್ತು ಕ್ರಾಸಿನ ಲೆಕ್ಕವಷ್ಟೆ. ಮೊದಮೊದಲು ನಮ್ಮ ಮನೆಯೆಂದು ಬೇರೆಯವರ ಗೇಟು ತೆಗೆದಿದ್ದೇನೆ. ಬ್ಯಾಂಕಾಕಿನಲ್ಲಿ ಮಾತು ಬಾರದೆ ಒಂಟಿಯಾಗಿದ್ದೆ. ಇಲ್ಲಿ ಸುತ್ತಲೂ ನನ್ನದೇ ಮಾತು ಕೇಳಿಸುತ್ತದೆ, ಆದರೆ ಆಡುವುದಕ್ಕೆ ಮನೆಯಲ್ಲಿ ಯಾರೂ ಇಲ್ಲ.

ಪಿತೃಪಕ್ಷ ಹತ್ತಿರವಾದಾಗ ಅತ್ತೆ ಹೇಳಿಕಳಿಸಿದರು. ಮಗನಿಗೆ ಇಡುವ ಮೊದಲ ಎಡೆ. ಹೆಂಡತಿ ಇರುವಲ್ಲಿಗೇ ಅವನು ಬರುತ್ತಾನೆ, ಆದ್ದರಿಂದ ಜಯನಗರದಲ್ಲೇ ಆಗಲಿ ಎಂದು. ನಮ್ಮಲ್ಲಿ ತೀರಿಕೊಂಡವರಿಗೆ ಇಷ್ಟವಾದದ್ದನ್ನೇ ಬಾಳೆಲೆಯ ಮೇಲೆ ಬಡಿಸಿ ಇಡುತ್ತೇವೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಯನ್ನೂ ಇಡುವುದುಂಟು. ಇಷ್ಟದ್ದು ಇಲ್ಲದಿದ್ದರೆ ಬಂದವರು ಹಸಿದು ವಾಪಸು ಹೋಗುತ್ತಾರೆ ಎಂಬ ನಂಬಿಕೆ.

ಅತ್ತೆ ಅಮಾವಾಸ್ಯೆಯ ಹಿಂದಿನ ದಿನವೇ ಬಸ್ಸಿನಲ್ಲಿ ಬಂದಿಳಿದರು. ಕಂಕುಳಲ್ಲಿ ನಾಟಿ ಕೋಳಿ, ತಲೆಯ ಮೇಲೆ ರಾಗಿ ಹಿಟ್ಟಿನ ಗಂಟು.

"ಮುದ್ದೆ, ಕೋಳಿ ಸಾರು, ವಡೆ. ನನ್ನ ಸಿದ್ದನಿಗೆ ಇನ್ನೇನ್ ಬೇಕು?" ಅಂದರು.

"ಅಲ್ಲಿ ಅವರು ಬೇರೆ ಥರ ಕೋಳಿ ಸಾರು ತಿಂತಿದ್ರು ಅತ್ತೆ. ಹಸಿರುದು. ಅದೇ ಪ್ರಾಣ ಅವರಿಗೆ."

"ಹಸ್ರು ಸಾರಾ? ಸೊಪ್ಪಿಂದಾ?"

"ಹಸಿ ಮೆಣಸಿನಕಾಯಿದು. ತೆಂಗಿನ ಹಾಲು ಹಾಕಿ."

ಅತ್ತೆ ಕಂಕುಳ ಕೋಳಿಯನ್ನು ಕೆಳಗಿಳಿಸಿ, "ಇರೋದು ಒಂದೇ ಕೋಳಿ ಕಣವ್ವ. ನಿಂಗೆ ಗೊತ್ತಿರೋದನ್ನೇ ಮಾಡು" ಅಂದರು. ಅವರು ಬಿಟ್ಟುಕೊಟ್ಟದ್ದು ಎಷ್ಟು ದೊಡ್ಡದು ಎಂದು ನನಗೆ ಗೊತ್ತಿತ್ತು.

ಆ ಸಾರನ್ನು ನನಗೆ ಕಲಿಸಿದವರು ಪಕ್ಕದ ಮನೆಯ ಪಾ ನೋಯ್. ಪಾ ಎಂದರೆ ದೊಡ್ಡಮ್ಮ. ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆಯ ಘಮದ ಮಜ್ಜಿಗೆ ಹುಲ್ಲು, ಕೊತ್ತಂಬರಿಯ ಬೇರು, ಇಷ್ಟನ್ನೂ ಒರಳಲ್ಲಿ ಜಜ್ಜಬೇಕು. ಇಲ್ಲಿ ಸೊಪ್ಪಿನವಳು ಬೇರು ಕೊಯ್ದು ಎಸೆಯುವವಳಿದ್ದಳು, ಕೈ ಹಿಡಿದು ತಡೆದೆ. ಶುಂಠಿಯ ಜಾತಿಯ ದುಂಪರಾಸ್ನೆ ಬೇರು ಗ್ರಂಥಿಗೆ ಅಂಗಡಿಯಲ್ಲಿ ಔಷಧಿಯ ಡಬ್ಬಿಯಲ್ಲಿತ್ತು. "ಯಾರಿಗೆ ಮೈ ಕೈ ನೋವು?" ಎಂದು ಅಂಗಡಿಯವರು ವಿಚಾರಿಸಿಕೊಂಡರು. ಅಲ್ಲಿನ ಘಾಟು ನಿಂಬೆ ಎಲೆಗೆ ಬದಲು ಗೌಡರ ಹಿತ್ತಿಲ ಹೇರಳೆ ಗಿಡದ ಎಲೆ.

ಉಳಿದದ್ದು ಕೊನೆಗೆ ಉದುರಿಸುವ ಎಲೆ. ಅದು ನಮ್ಮ ಕಾಮಕಸ್ತೂರಿಯ ಹಾಗೆಯೇ ಇರುತ್ತದೆ. ನನ್ನ ಬರಿ ಹಣೆ ನೋಡಿದಂದಿನಿಂದ ಹೂವಿನವಳು ನಮ್ಮ ಮನೆಯ ಮುಂದೆ ಕೂಗುತ್ತಿರಲಿಲ್ಲ. ಅಂದು ನಾನೇ ಕರೆದೆ. ಅವಳು ಬುಟ್ಟಿ ಇಳಿಸದೆ ನಿಂತಳು.

"ಹೂವು ಬೇಡಮ್ಮ, ಕಾಮಕಸ್ತೂರಿ ಕೊಡು. ಕೋಳಿ ಸಾರಿಗೆ."

"ಸಾರಿಗಾ? ಅಯ್ಯೋ ಅಕ್ಕ, ದೇವ್ರ ಹಾರಕ್ಕೆ ಕಟ್ಟೋದು ಇದು! ಇವತ್ತು ಇದು, ನಾಳೆ ಮಲ್ಲಿಗೆ ಹುಳಿ ಮಾಡ್ತೀರೇನೋ!"

ನಗು ಬಂತು. ಗಟ್ಟಿಯಾಗಿಯೇ ನಕ್ಕೆ. ಈ ಮನೆಗೆ ಬಂದ ಮೇಲೆ ಹಾಗೆ ನಕ್ಕಿರಲಿಲ್ಲ. ಅಂದಿನಿಂದ ಅವಳು ಹೋಗುತ್ತಾ ಬರುತ್ತಾ "ಸಾರಿಗೆ ಏನಾದ್ರೂ ಬೇಕಾ ಅಕ್ಕಾ?" ಎಂದು ಕೂಗುತ್ತಾಳೆ.

ಅಮಾವಾಸ್ಯೆಯ ಬೆಳಿಗ್ಗೆ ಕೋಳಿ ಬೆಂದ ಮೇಲೆ ಟ್ರಂಕಿನಿಂದ ನಾಮ್ ಪ್ಲಾ ತೆಗೆದೆ. ಮೀನನ್ನು ಉಪ್ಪಿನಲ್ಲಿ ಬಹಳ ಕಾಲ ಇಟ್ಟು ಇಳಿಸಿದ ನೀರು ಅದು. ಅಲ್ಲಿ ಉಪ್ಪಿನ ಬದಲು ಅದನ್ನೇ ಹಾಕುತ್ತಾರೆ. ಸೀಸೆಯ ತಳದಲ್ಲಿ ಉಳಿದಿದ್ದಷ್ಟನ್ನೂ ಸುರಿದೆ. ಇಲ್ಲಿ ಇನ್ನು ಅದು ಸಿಗುವುದಿಲ್ಲ. ರುಚಿ ನೋಡುವ ಹಾಗಿರಲಿಲ್ಲ, ಎಡೆಗೆ ಮೊದಲು ನಾಲಿಗೆಗೆ ಸೋಕಿದರೆ ಎಂಜಲು. ಕಣ್ಣಳತೆಯಲ್ಲೇ ಮುಗಿಸಿ, ಕಾಮಕಸ್ತೂರಿ ಉದುರಿಸಿ, ಮುಚ್ಚಿಟ್ಟು ಸ್ನಾನಕ್ಕೆ ಹೋದೆ.

ಬಂದಾಗ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯಿತು. ಸಾರು ಮಂದವಾಗಿ, ಕಂದು ಬಣ್ಣಕ್ಕೆ ತಿರುಗಿ ಕುದಿಯುತ್ತಿತ್ತು. ಅತ್ತೆ ಸೌಟು ಹಿಡಿದು ನಿಂತಿದ್ದರು.

"ಏನ್ ಹಾಕಿದ್ರಿ ಅತ್ತೆ?"

"ನೀರ್ ನೀರಾಗಿತ್ತಲ್ಲ ಮಗ. ಮೀನ್ ವಾಸ್ನೆ ಬೇರೆ. ಕೆಟ್ಟೋಯ್ತೇನೋ ಅಂತ ಒಂಚೂರು ಹುರಿಗಡಲೆ, ಧನಿಯಾ, ಚಕ್ಕೆ ಲವಂಗ ಅರೆದು ಹಾಕ್ದೆ. ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ರುಚಿ ನೋಡಾಂಗಿಲ್ವಲ್ಲ, ಇನ್ನೇನ್ ಮಾಡ್ಲಿ?"

ಅಷ್ಟು ದೂರದಿಂದ ಯಜಮಾನರಿಗಾಗಿ ತಂದದ್ದು ಆ ರುಚಿಯೊಂದೇ ಆಗಿತ್ತು. ಈಗ ಅವರು ಬಂದರೆ ಏನು ಗುರುತು ಹಿಡಿದು ಎಲೆಯ ಮುಂದೆ ಕೂರುತ್ತಾರೆ? ಕಣ್ಣೊರೆಸಿಕೊಂಡು ಅದನ್ನೇ ಬಡಿಸಿದೆ. ಪಕ್ಕದಲ್ಲಿ ಮುದ್ದೆ, ಅನ್ನ, ವಡೆ. ಎಲೆಯ ಆಚೆಗೆ ಮಡಿಸಿಟ್ಟ ಅವರ ಪಂಚೆ. ದೀಪ ಹಚ್ಚಿ, ಧೂಪ ಹಾಕಿ, ಹಿರಿಯರು ಉಂಡು ಹೋಗಲೆಂದು ಬಾಗಿಲು ಮುಂದಕ್ಕೆಳೆದು ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತೆವು.

ನನ್ನ ಮುಖ ನೋಡಿ ಅತ್ತೆಗೆ ಎಲ್ಲ ಅರ್ಥವಾಗಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಅಂದರು, "ಇಪ್ಪತ್ತು ವರ್ಷದ ತನಕದ ಹುಡುಗ ಅಷ್ಟೆ ನಂಗೆ ಗೊತ್ತಿರೋದು. ಆಮೇಲಿನವ್ನು ನಿಂಗೇ ಗೊತ್ತು. ಏನೇನ್ ತಿಂತಿದ್ದ, ಹೇಳು."

ಹೇಳಿದೆ. ಕೋಳಿಯನ್ನು ಬರಿ ನೀರಲ್ಲಿ ಬೇಯಿಸಿ, ಆ ರಸದಲ್ಲೇ ಅನ್ನ ಮಾಡಿ ಶುಂಠಿ ಚಟ್ನಿಯ ಜೊತೆ ಕೊಡುವ ಬೀದಿಬದಿಯವನ ಹತ್ತಿರ ಸಂಜೆ ನಿಂತು ತಿನ್ನುತ್ತಿದ್ದುದು. ಸಂಬಳದ ದಿನ ಹಸಿರು ಸಾರಿಗೆ ತಾವೇ ಒರಳು ಹಿಡಿದು ಮೆಣಸಿನಕಾಯಿ ಜಜ್ಜುತ್ತಿದ್ದುದು. ಘಾಟಿಗೆ ಕಣ್ಣಲ್ಲಿ ನೀರು ಸುರಿದು, ಅದೇ ಕೈಯಲ್ಲಿ ಒರೆಸಿಕೊಂಡು ಕಿರುಚಿ ಕಾಲುವೆಗೆ ಹಾರಿದ್ದು.

"ಅಡುಗೆ ಮಾಡ್ತಿದ್ನಾ? ನನ್ನ ಮಗ? ಲೋಟ ಎತ್ತಿ ಈಚೆಗಿಟ್ಟವನಲ್ಲ ಕಣೇ ಅವ್ನು!" ಅತ್ತೆ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತಲೇ ಅಳು ಬಂತು. ಆಮೇಲೆ ಬಾಗಿಲ ಹತ್ತಿರ ಹೋಗಿ, ಒಳಗಿರುವವರಿಗೆ ಕೇಳಲೆಂದು ಕೆಮ್ಮಿ, ಮೆಲ್ಲಗೆ ತೆಗೆದರು.

ಊಟಕ್ಕೆ ಕೂತಾಗ ಅತ್ತೆ ಮೊದಲು ಸಾರನ್ನೇ ಬಾಯಿಗಿಟ್ಟುಕೊಂಡರು. ಧನಿಯಾ ಹುರಿಗಡಲೆಯ ಕೆಳಗೆ ಎಲ್ಲೋ ಮಜ್ಜಿಗೆ ಹುಲ್ಲಿತ್ತು, ಕಾಮಕಸ್ತೂರಿಯೂ ಇತ್ತು.

"ಇದೇನಾ ಅವ್ನು ತಿಂತಿದ್ದಿದ್ದು?"

"ಅರ್ಧ, ಅತ್ತೆ."

"ಅಷ್ಟೇ ಸಾಕು ಬಿಡು. ಆ ಅರ್ಧ ನಂಗೆ ಗೊತ್ತಿರ್ಲಿಲ್ಲ." ಸಾರಿಗೆ ಮುದ್ದೆ ಅದ್ದಿ ಇನ್ನೊಂದು ತುತ್ತು ನುಂಗಿ ಕೇಳಿದರು, "ನಾಳೆ ನೀನ್ ಹೋದ್ಮೇಲೆ ನಿನ್ ಎಡೆಗೇನ್ ಇಡ್ಬೇಕು? ಸಿದ್ದನ ಅಣ್ಣನ ಮಕ್ಳಿಗೆ ಈಗ್ಲೇ ಹೇಳಿಟ್ಟಿರ್ತೀನಿ."

ಮುದ್ದೆ ಎನ್ನಲು ಬಾಯಿ ತೆರೆದೆ. ಆ ಕ್ಷಣಕ್ಕೆ ಕಾಲುವೆಯ ಮೆಟ್ಟಿಲ ಮೇಲೆ ಬಿಸಿ ಅನ್ನ, ಹಸಿರು ಸಾರಿನ ಬಟ್ಟಲು ಹಿಡಿದು ಕೂತವಳೂ ನಾನೇ ಆಗಿದ್ದೆ.

"ಎರಡೂ ಇಡಿ," ಅಂದೆ.

"ಆಸೆಬುರುಕಿ!" ಎಂದು ಅತ್ತೆ, ಮಗನ ಎಲೆಯಲ್ಲಿದ್ದ ಕೋಳಿಯ ತುಂಡನ್ನು ಎತ್ತಿ ನನ್ನ ತಟ್ಟೆಗೆ ಹಾಕಿದರು.